ಸೆಲೆಕ್ಷನ್ ಪಟ್ಟಿಯ ಹಿಂದಿನ ಹಾಳೆ

ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜೂನ್ ಕಳೆದು ಶಾಲೆಗಳು ಒಂದು ಹದಕ್ಕೆ ಬರುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಪಾಠದ ಚಿಂತೆಯ ಜೊತೆಗೆ ಆಟದ ಚಿಂತೆಯೂ ಶುರುವಾಗುತ್ತದೆ. ವಲಯ ಮಟ್ಟದ ಕಬಡ್ಡಿ ಯಾವ ಶಾಲೆಯಲ್ಲಿ, ತಾಲೂಕು ಮಟ್ಟದ ವಾಲಿಬಾಲ್ ಯಾವ ದಿನ, ಜಿಲ್ಲಾ ತಂಡದ ಸೆಲೆಕ್ಷನ್ನಿಗೆ ಯಾವ ಕಾಗದ ಬೇಕು, ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಕ್ಕೀತೇ, ಸಿಕ್ಕರೆ ಮಗುವನ್ನು ಅಷ್ಟು ದೂರ ಕಳಿಸುವುದೇ ಎಂಬ ಮಾತುಗಳು ಜಗಲಿಯಲ್ಲಿ ಕೇಳತೊಡಗುತ್ತವೆ. ಹದಿಮೂರರ ಮಗು ಮುಂದಿನ ಐದಾರು ವರ್ಷ ಯಾವ ಊರಿನಲ್ಲಿ, ಯಾರ ಕೈಕೆಳಗೆ ಬೆಳೆಯಬೇಕು ಎಂಬುದು ಇಲ್ಲಿ ನಿರ್ಧಾರವಾಗುತ್ತದೆ. ಇಷ್ಟು ದೊಡ್ಡ ನಿರ್ಧಾರಕ್ಕೆ ಆಧಾರವಾಗಿ ಹೆತ್ತವರ ಕೈಗೆ ಬರುವುದು ಹೆಸರುಗಳ ಒಂದು ಪಟ್ಟಿ. ಹೆಸರು ಇದ್ದರೆ ಯಾಕಿದೆ, ಇಲ್ಲದಿದ್ದರೆ ಯಾಕಿಲ್ಲ ಎಂದು ಆ ಪಟ್ಟಿ ಹೇಳುವುದಿಲ್ಲ. ಮಗುವನ್ನು ಯಾವ ಅಳತೆಯಲ್ಲಿ ನೋಡಲಾಗುತ್ತದೆ ಎಂಬುದನ್ನು ಮೊದಲೇ ಬರೆದು ತಿಳಿಸಿ, ನೋಡಿದ ಮೇಲೆ ಏನು ಕಂಡಿತು ಎಂಬುದನ್ನು ಬರೆದು ಕೊಡಿ. ಈ ಪತ್ರ ಕೇಳುವುದು ಅಷ್ಟನ್ನೇ. ನಿಮಗೇ ಬರೆಯಲು ಕಾರಣವಿದೆ. ಶಾಲಾ ಕ್ರೀಡಾಕೂಟ ಶಾಲಾ ಶಿಕ್ಷಣ ಇಲಾಖೆಯದ್ದು, ಕ್ರೀಡಾ ಹಾಸ್ಟೆಲು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು, ಜಿಲ್ಲಾ ತಂಡ ಆಯಾ ಆಟದ ಅಸೋಸಿಯೇಷನ್ನಿನದ್ದು, ಫ್ರೀ ಸೀಟು ಖಾಸಗಿ ಸಂಸ್ಥೆಯದ್ದು. ಈ ನಾಲ್ವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಶಕ್ತಿ ನಿಮ್ಮ ಕಚೇರಿಗಿದೆ.

ಮಕ್ಕಳ ಆಟಕ್ಕೆ ಇಷ್ಟೊಂದು ಕಾಗದಪತ್ರ ಯಾಕೆ ಎಂದು ಅನ್ನಿಸಬಹುದು. ತಂಡದಲ್ಲಿ ಸಿಗುವ ಜಾಗ ಇವತ್ತು ಬರೀ ಆಟದ ಸಂತೋಷವಾಗಿ ಉಳಿದಿಲ್ಲ, ಅದು ಒಂದು ಸರ್ಟಿಫಿಕೇಟು. ಸಿಇಟಿಯ ಕ್ರೀಡಾ ಕೋಟಾದಲ್ಲಿ ಆ ಸರ್ಟಿಫಿಕೇಟಿನ ಮೇಲೆ ವೃತ್ತಿಪರ ಕೋರ್ಸಿನ ಸೀಟು ಸಿಗುತ್ತದೆ, ಪೊಲೀಸ್ ನೇಮಕಾತಿಯಲ್ಲಿ ಅದಕ್ಕೆ ಬೆಲೆಯಿದೆ. 2018ರಲ್ಲಿ ಆರಂಭವಾದ ಖೇಲೋ ಇಂಡಿಯಾ ಕ್ರೀಡಾಕೂಟಗಳ ಮೂಲಕ ಆಯ್ಕೆಯಾದ ಮಕ್ಕಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಸಿಗುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಬಂದಮೇಲೆ ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ ಆಡುತ್ತಿದ್ದ ಆಟವೇ ಜೀವನೋಪಾಯವಾಯಿತು. ಪುತ್ತೂರಿನವರೇ ಆದ ಪ್ರಶಾಂತ್ ರೈಯವರನ್ನು 2018ರ ಹರಾಜಿನಲ್ಲಿ ಯು.ಪಿ. ಯೋಧ ತಂಡ 79 ಲಕ್ಷ ರೂಪಾಯಿಗೆ ಕೊಂಡಿತು. ಕಾರ್ಕಳ ತಾಲೂಕಿನ ಕಬಡ್ಡಿ ಆಟಗಾರ್ತಿ ಮಮತಾ ಪೂಜಾರಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಇದನ್ನೆಲ್ಲ ಕಣ್ಣಾರೆ ಕಂಡ ಅಡಿಕೆ ಬೆಳೆಗಾರನೂ ರಬ್ಬರ್ ಟ್ಯಾಪಿಂಗ್ ಮಾಡುವ ತಾಯಿಯೂ ಮಗುವಿನ ಆಟವನ್ನು ಗಂಭೀರವಾಗಿ ತೆಗೆದುಕೊಂಡರೆ ಅದನ್ನು ದುರಾಸೆ ಎನ್ನಲಾಗದು. ಸಾರ್ವಜನಿಕ ಸೀಟು, ಸಾರ್ವಜನಿಕ ಹಣ, ಸರಕಾರಿ ನೌಕರಿಗಳ ಬಾಗಿಲು ಯಾವ ಆಯ್ಕೆಯಿಂದ ತೆರೆಯುತ್ತದೋ ಆ ಆಯ್ಕೆಯ ಕಾರಣವೂ ಸಾರ್ವಜನಿಕರ ಕಣ್ಣಿಗೆ ಬೀಳಬೇಕು.

ಕಾರಣವನ್ನು ಬರೆದಿಡಲೇಬೇಕು ಎನ್ನಲು ಇದಕ್ಕಿಂತ ಬಲವಾದ ಇನ್ನೊಂದು ಕಾರಣವಿದೆ. ಹದಿಮೂರರ ಪ್ರಾಯದಲ್ಲಿ ಮಾಡುವ ಆಯ್ಕೆ ಬಹುಮಟ್ಟಿಗೆ ಊಹೆ. ಶಾಲಾ ಕ್ರೀಡೆಯ ರಾಷ್ಟ್ರೀಯ ಫೆಡರೇಷನ್ನು 14, 17, 19 ವರ್ಷದೊಳಗಿನ ವಿಭಾಗಗಳಿಗೆ ಜನವರಿ 1ನ್ನು ಗಡಿಯಾಗಿ ಇಟ್ಟುಕೊಂಡಿದೆ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಿಭಾಗದಲ್ಲಿ ಎದುರುಬದುರಾಗುತ್ತಾರೆ. ಮೂವತ್ತರ ಪ್ರಾಯದಲ್ಲಿ ಹನ್ನೊಂದು ತಿಂಗಳು ಲೆಕ್ಕಕ್ಕೇ ಬರುವುದಿಲ್ಲ, ಹದಿಮೂರರಲ್ಲಿ ಅದು ನಾಲ್ಕು ಬೆರಳು ಎತ್ತರ, ಒಂದು ಹಿಡಿ ಬಲ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಅಲ್ಲಿನ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಎಣಿಸಿ ನೋಡಿದರು. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಉತ್ತಮ ತಂಡಗಳಲ್ಲಿ ತುಂಬಿಕೊಂಡಿದ್ದರು, ಕೊನೆಯ ಮೂರು ತಿಂಗಳಿನವರು ತೀರಾ ಕಡಿಮೆಯಿದ್ದರು. ಆಮೇಲೆ ಫುಟ್‌ಬಾಲ್ ಮೊದಲಾದ ಎಷ್ಟೋ ಆಟಗಳಲ್ಲಿ, ಎಷ್ಟೋ ದೇಶಗಳಲ್ಲಿ ಇದೇ ಚಿತ್ರ ಕಂಡಿದೆ. ಪ್ರತಿಭೆ ತಿಂಗಳು ನೋಡಿ ಹುಟ್ಟುವುದಿಲ್ಲವಾದ್ದರಿಂದ ಆಯ್ಕೆಗಾರರು ಪ್ರತಿಭೆ ಎಂದು ಆರಿಸಿದ್ದರಲ್ಲಿ ದೊಡ್ಡ ಪಾಲು ಬರೀ ಪ್ರಾಯವಾಗಿತ್ತು ಎಂದೇ ಅರ್ಥ. ಹುಟ್ಟಿದ ದಿನ ಒಂದೇ ಆದರೂ ಮೈ ಬಲಿಯುವ ಹೊತ್ತು ಬೇರೆ ಬೇರೆ. ಒಬ್ಬನ ದನಿ ಒಡೆದು ಮೀಸೆ ಮೂಡುವಾಗ ಅವನದೇ ತರಗತಿಯ ಇನ್ನೊಬ್ಬ ಇನ್ನೂ ಹುಡುಗನಾಗಿಯೇ ಇರುತ್ತಾನೆ. ಕಬಡ್ಡಿಗೆ ತೂಕದ ಮಿತಿ ಇರುವುದರಿಂದ ಈ ಅಂತರ ಸ್ವಲ್ಪ ತಗ್ಗುತ್ತದೆ ನಿಜ. ವಾಲಿಬಾಲ್, ಥ್ರೋಬಾಲ್, ಅಥ್ಲೆಟಿಕ್ಸ್‌ಗಳಲ್ಲಿ ಆ ಆಸರೆಯೂ ಇಲ್ಲ.

ಇದೇ ಮಾತನ್ನು ಇನ್ನೊಂದು ತುದಿಯಿಂದ ಹೇಳುವ ಅಧ್ಯಯನವೂ ಇದೆ. ಜರ್ಮನಿಯ ಆರ್ನೆ ಗುಲಿಶ್ ಮತ್ತು ಸಂಗಡಿಗರು ಅನೇಕ ಆಟಗಳ, ಅನೇಕ ದೇಶಗಳ ಮಾಹಿತಿಯನ್ನು ಒಟ್ಟುಮಾಡಿ 2022ರಲ್ಲಿ ಪ್ರಕಟಿಸಿದರು. ದೊಡ್ಡವರಾದ ಮೇಲೆ ಜಗತ್ತಿನ ಮೇಲ್ಪಂಕ್ತಿಗೆ ಏರಿದವರು ಬಾಲ್ಯದಲ್ಲಿ ಹಲವು ಆಟಗಳನ್ನು ಆಡಿದ್ದರು, ತಮ್ಮ ಮುಖ್ಯ ಆಟವನ್ನು ತಡವಾಗಿ ಹಿಡಿದಿದ್ದರು, ಮೊದಮೊದಲು ನಿಧಾನವಾಗಿಯೇ ಮೇಲೆ ಬಂದಿದ್ದರು. ಕಿರಿಯರ ಕೂಟದಲ್ಲಿ ಮಿಂಚಿದವರ ಕಥೆ ಬಹಳಷ್ಟು ಸಲ ಇದರ ತಿರುವುಮುರುವು. ನಮ್ಮ ಪಟ್ಟಿಯಲ್ಲಿ ಬಿಟ್ಟುಹೋದ ಮಗು ಕೈಲಾಗದ ಮಗು ಎಂದು ತೀರ್ಮಾನಿಸಲು ಆಧಾರವಿಲ್ಲ. ಆಯ್ಕೆಯಾದ ಮಗುವಿನ ಇಡೀ ಬದುಕನ್ನು ಎಂಟನೆಯ ತರಗತಿಯಲ್ಲಿಯೇ ಒಂದು ಆಟಕ್ಕೆ ಕಟ್ಟಿಹಾಕಲೂ ಆಧಾರವಿಲ್ಲ. ಹೆತ್ತವರಿಗೆ ಇದನ್ನು ಹೇಳುವವರೇ ಇಲ್ಲದ್ದರಿಂದ ಅವರು ಪಟ್ಟಿಯನ್ನು ಹಣೆಬರಹದಂತೆ ಓದುತ್ತಾರೆ.

ಇನ್ನು ನಮ್ಮ ಮೂರು ತಾಲೂಕುಗಳ ನೆಲದ ಸಂಗತಿ. ಗುಂಪು ಆಟಗಳಲ್ಲಿ ಸಾಮಾನ್ಯವಾಗಿ ಗೆದ್ದ ಶಾಲೆಯ ತಂಡವೇ ವಲಯದಿಂದ ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಮೈಸೂರು ವಿಭಾಗಕ್ಕೆ ಏರುತ್ತದೆ. ಕೊಲ್ಲಮೊಗ್ರಿನದೋ ಕೊಂಬಾರಿನದೋ ಪಾಣಾಜೆಯದೋ ಸಣ್ಣ ಶಾಲೆಯಲ್ಲಿ ಒಬ್ಬಳೇ ಒಬ್ಬಳು ಒಳ್ಳೆಯ ಕಬಡ್ಡಿ ರೈಡರ್ ಇದ್ದಾಳೆಂದುಕೊಳ್ಳಿ. ಉಳಿದ ಆರು ಮಂದಿ ಸಾಧಾರಣರಾದರೆ ಮೊದಲ ಪಂದ್ಯದಲ್ಲಿಯೇ ತಂಡ ಹೊರಬೀಳುತ್ತದೆ, ಅವಳನ್ನು ಆಯ್ಕೆಗಾರರು ನೋಡುವುದೇ ಇಲ್ಲ. ಜಿಲ್ಲಾ ಟ್ರಯಲ್ಸ್ ಮಂಗಳೂರಿನಲ್ಲಿ ಎಂದಾದರೆ ಸುಳ್ಯದಿಂದ 85 ಕಿಲೋಮೀಟರಿನ ಹತ್ತಿರ, ಸುಬ್ರಹ್ಮಣ್ಯದಿಂದ 100 ದಾಟುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಮೈದಾನದಲ್ಲಿರಬೇಕಾದರೆ ಘಟ್ಟದ ಬುಡದ ಹಳ್ಳಿಯವರು ಕತ್ತಲಿರುವಾಗಲೇ ಮನೆ ಬಿಡಬೇಕು. ಮಳೆಗಾಲದಲ್ಲಿ ರಸ್ತೆಗೆ ಗುಡ್ಡ ಜರಿದರೆ ಆ ದಿನವೇ ಹೋಯಿತು. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ತಾಯಿ ಮಗಳ ಟಿಕೇಟಿನ ಹಣ ಉಳಿದಿದೆ, ಒಳ್ಳೆಯದೇ. ಆದರೆ ತಾಯಿಯ ಆ ದಿನದ ಕೂಲಿ ಉಳಿಯುವುದಿಲ್ಲ. ಟ್ರಯಲ್ಸಿನ ಸುದ್ದಿ ಎರಡು ದಿನ ಮೊದಲು ಒಂದು ವಾಟ್ಸಾಪ್ ಗುಂಪಿನಲ್ಲಿ ಬಂದು ಹೋದರೆ ಆ ಗುಂಪಿನಲ್ಲಿ ಇಲ್ಲದ ಶಾಲೆಯ ಮಗುವಿನ ಪಾಲಿಗೆ ಟ್ರಯಲ್ಸ್ ನಡೆಯಲೇ ಇಲ್ಲ. ಇಷ್ಟನ್ನೂ ದಾಟಿ ಬಂದು ಹತ್ತು ನಿಮಿಷ ಆಡಿ, ತನ್ನ ಹೆಸರಿಲ್ಲದ ಪಟ್ಟಿಯನ್ನು ನೋಡಿ ಹಿಂದಿರುಗುವ ಮಗುವಿಗೆ ಒಂದು ಸಾಲಿನ ಕಾರಣವಾದರೂ ಸಲ್ಲಬೇಡವೇ?

ಹೀಗೆ ಕಣ್ಣಿಗೆ ಬೀಳದ ಮಕ್ಕಳ ಹೆತ್ತವರೇ ಬಲವಾದ ತಂಡವಿರುವ ಶಾಲೆಯನ್ನು ಹುಡುಕಿಕೊಂಡು ಹೋಗುವುದು. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಮುಂತಾದ ಸಂಸ್ಥೆಗಳು ಊಟ, ವಸತಿ, ಓದು ಕೊಟ್ಟು ಕ್ರೀಡಾಪಟುಗಳನ್ನು ಬೆಳೆಸಿರುವುದು ಇಡೀ ರಾಜ್ಯಕ್ಕೆ ಗೊತ್ತು. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಸರಕಾರಿ ಕ್ರೀಡಾ ಹಾಸ್ಟೆಲುಗಳೂ ಬಡಮಕ್ಕಳಿಗೆ ದಾರಿ ಮಾಡಿವೆ. ನನ್ನ ಪ್ರಶ್ನೆ ಸೀಟು ಕೊಡುವ ರೀತಿಯ ಬಗ್ಗೆ. ಯಾವುದೇ ಸಂಸ್ಥೆ ಮಗುವನ್ನು ಕರೆಯುವಾಗ ಮಾತು ಬಾಯಲ್ಲೇ ಮುಗಿಯಬಾರದು. ಮೊಣಕಾಲಿಗೆ ಪೆಟ್ಟಾಗಿ ಒಂದು ವರ್ಷ ಆಡಲಾಗದಿದ್ದರೆ ಫ್ರೀ ಸೀಟು ಉಳಿಯುತ್ತದೆಯೇ? ಮುಂದಿನ ವರ್ಷ ಇನ್ನೂ ಒಳ್ಳೆಯ ಆಟಗಾರ ಬಂದರೆ ಈ ಮಗುವಿನ ಗತಿಯೇನು? ಮನೆಗೆ ಮರಳಬೇಕೆಂದು ಮಗು ಅತ್ತರೆ ಟಿ.ಸಿ. ಸುಲಭವಾಗಿ ಸಿಗುತ್ತದೆಯೇ, ಕೊಟ್ಟ ಹಣ ಹಿಂದಿರುಗಿಸು ಎನ್ನುತ್ತಾರೆಯೇ? ಚಿಕಿತ್ಸೆಯ ಖರ್ಚು ಯಾರದು? ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರಾತ್ರಿ ಯಾರಿರುತ್ತಾರೆ? ಈ ಪ್ರಶ್ನೆಗಳನ್ನು ಕೇಳಿದರೆ ಎಲ್ಲಿ ಸೀಟು ತಪ್ಪೀತೋ ಎಂದು ಹೆತ್ತವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನಾಳೆಯೊಳಗೆ ಹೇಳಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂಬ ಮಾತಿನ ಮುಂದೆ ಯಾವ ತಂದೆತಾಯಿಯೂ ಸಮಾಧಾನದಿಂದ ಯೋಚಿಸಲಾರರು.

ಆದ್ದರಿಂದ ಕೇಳುವುದಿಷ್ಟು. ಟ್ರಯಲ್ಸಿಗೆ ಹದಿನೈದು ದಿನ ಮೊದಲು ದಿನ, ಸ್ಥಳ, ಬೇಕಾದ ದಾಖಲೆ, ಯಾವ ಕೌಶಲಕ್ಕೆ ಎಷ್ಟು ಅಂಕ ಎಂಬ ಸೂಚನೆ ಪ್ರತಿ ಶಾಲೆಯ ಮತ್ತು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಇರಲಿ. ಬಂದ ಪ್ರತಿ ಮಗುವಿಗೂ ಒಂದು ಪುಟದ ಹಾಳೆ ತೆರೆಯಲಿ. ಅದರಲ್ಲಿ ಹುಟ್ಟಿದ ತಿಂಗಳು, ಎತ್ತರ, ತೂಕ, ಅಂಕಗಳು, ಆಯ್ಕೆಗಾರರ ಒಂದು ಸಾಲಿನ ಅಭಿಪ್ರಾಯ, ಅವರ ಸಹಿ ಇರಲಿ, ಅದರ ಪ್ರತಿ ಮನೆಗೆ ಹೋಗಲಿ. ಬಿಟ್ಟುಹೋದವರನ್ನು ಮರುವರ್ಷ ಹಿಂದಿನ ಹಾಳೆಯೊಂದಿಗೆ ಮತ್ತೆ ನೋಡಲಿ. ಸೋತ ಶಾಲೆಗಳ ಒಳ್ಳೆಯ ಆಟಗಾರರಿಗಾಗಿ ಪುತ್ತೂರು, ಸುಳ್ಯ, ಕಡಬಗಳಲ್ಲಿ ತಲಾ ಒಂದು ದಿನದ ಮುಕ್ತ ಟ್ರಯಲ್ಸ್ ನಡೆಯಲಿ. ಸೀಟು ಕೊಡುವ ಸಂಸ್ಥೆ ಷರತ್ತುಗಳನ್ನು ಕನ್ನಡದಲ್ಲಿ ಬರೆದು ಕೊಟ್ಟು, ಒಪ್ಪಲು ಕನಿಷ್ಠ ಏಳು ದಿನ ಬಿಡಲಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದವು ಮೂರು. ಒಳ್ಳೆಯ ಕೋಚಿನ ಕಣ್ಣು ಕಾಣುವುದನ್ನು ಅಂಕದಲ್ಲಿ ಹಿಡಿಯಲಾಗದು ಎಂಬುದು ಮೊದಲನೆಯದು. ಒಪ್ಪುತ್ತೇನೆ. ಕಾರ್ನರಿನಲ್ಲಿ ನಿಂತ ಹುಡುಗನೊಬ್ಬ ರೈಡರಿನ ಕಾಲು ಏಳುವ ಮೊದಲೇ ಅದನ್ನು ಓದುವ ಬಗೆಗೆ ಅಂಕವಿಲ್ಲ. ಆದರೆ ಅನುಭವಿ ಪಿ.ಟಿ. ಮಾಸ್ಟ್ರು ಅದನ್ನು ಮಾತಿನಲ್ಲಿ ಹೇಳಬಲ್ಲರು, ಬರೆಯಲೂ ಬಲ್ಲರು: ಕ್ಯಾಚಿಂಗ್ ಚುರುಕು, ಆತುರ ಹೆಚ್ಚು, ಹಿಡಿತ ಇನ್ನೂ ಬಲಿಯಬೇಕು. ಈ ಒಂದು ಸಾಲಿನಿಂದ ಮಗುವಿಗೆ ಮುಂದಿನ ಒಂದು ವರ್ಷದ ಅಭ್ಯಾಸವೇನೆಂದು ಗೊತ್ತಾಗುತ್ತದೆ. ದೈಹಿಕ ಶಿಕ್ಷಣ ಶಿಕ್ಷಕರೇ ಸಾಕಷ್ಟಿಲ್ಲ, ಇರುವವರ ಮೇಲೆ ಇನ್ನೊಂದು ಹೊರೆ ಯಾಕೆ ಎಂಬುದು ಎರಡನೆಯದು. ಇದು ನಿಜವಾದ ಕಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರು ಬೇಕು ಎನ್ನುತ್ತದೆ. ಅದನ್ನು ಪಾಲಿಸುವುದು ಸರಕಾರದ ಹೊಣೆ. ಅಲ್ಲಿಯತನಕ ಹಾಳೆ ತುಂಬಲು ಆಯಾ ಶಾಲೆಯಿಂದ ಬಂದ ಇನ್ನೊಬ್ಬ ಶಿಕ್ಷಕರನ್ನು ಕೂರಿಸಬಹುದು. ಹಾಳೆಯಿಂದ ಮಾಸ್ಟ್ರಿಗೇ ರಕ್ಷಣೆ ಎಂಬುದನ್ನು ಮರೆಯಬಾರದು. ನಮ್ಮ ಹುಡುಗನನ್ನು ಸೇರಿಸಿ ಎಂದು ದೊಡ್ಡವರಿಂದ ಫೋನು ಬಂದಾಗ ತೋರಿಸಲು ಅವರ ಕೈಯಲ್ಲಿ ಏನಾದರೂ ಬೇಕು, ಪರಿಚಯದವರ ಮಕ್ಕಳನ್ನೇ ತೆಗೆದುಕೊಂಡರು ಎಂಬ ಗುಮಾನಿಗೆ ಉತ್ತರವೂ ಬೇಕು.

ಕಾರಣ ಬರೆದರೆ ಜಗಳ ಹೆಚ್ಚುತ್ತದೆ, ಹೆತ್ತವರು ಕೋರ್ಟಿಗೆ ಹೋಗುತ್ತಾರೆ ಎಂಬುದು ಮೂರನೆಯ ಆಕ್ಷೇಪ. ಕಾರಣ ಕೊಡದ ಕಡೆಯೇ ಜಗಳ ಬೆಳೆದದ್ದನ್ನು ದೇಶ ಕಂಡಿದೆ. 2023ರ ಏಷ್ಯನ್ ಕ್ರೀಡಾಕೂಟಕ್ಕೆ ಇಬ್ಬರು ಕುಸ್ತಿಪಟುಗಳಿಗೆ ಟ್ರಯಲ್ಸ್ ಇಲ್ಲದೆ ಪ್ರವೇಶ ಕೊಟ್ಟಾಗ ಇನ್ನೊಬ್ಬ ಕುಸ್ತಿಪಟು ಅಂತಿಮ್ ಪಂಘಾಲ್ ದೆಹಲಿ ಹೈಕೋರ್ಟಿನ ತನಕ ಹೋಗಬೇಕಾಯಿತು. ಅಲ್ಲಿ ಅವರ ಅರ್ಜಿ ನಿಲ್ಲಲಿಲ್ಲ. ಆಮೇಲೆ ಆ ಇಬ್ಬರಲ್ಲಿ ಒಬ್ಬರಾದ ವಿನೇಶ್ ಫೋಗಟ್ ಗಾಯಗೊಂಡು ಹಿಂದೆ ಸರಿದದ್ದರಿಂದ ಅವಕಾಶ ಸಿಕ್ಕಿ ಅಂತಿಮ್ ಕಂಚು ಗೆದ್ದರು. 2025ರಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಇಂಥ ತಕರಾರುಗಳಿಗೆಂದೇ ನ್ಯಾಯಮಂಡಳಿ ಇರಬೇಕೆಂದು ಹೇಳಿದೆ. ಅದು ಮೇಲಿನವರ ಮಾತಾಯಿತು. ಬಿಳಿನೆಲೆಯ ಏಳನೆಯ ತರಗತಿಯ ಮಗುವಿಗೆ ದೆಹಲಿ ಬಹಳ ದೂರ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೂ ಉತ್ತರಕ್ಕೆ ಮೂವತ್ತು ದಿನದ ಅವಕಾಶವಿದೆ, ಅಷ್ಟರಲ್ಲಿ ಕೂಟವೇ ಮುಗಿದಿರುತ್ತದೆ.

ಮಕ್ಕಳನ್ನು ಸುಮ್ಮನೆ ಆಡಲು ಬಿಡಿ, ಅಂಕ ಪಟ್ಟಿ ಯಾಕೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ನನಗೆ ಪ್ರೀತಿಯಿದೆ. ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನ ಕಟ್ಟಿ ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ನಡೆಸಿದ ಶಿವರಾಮ ಕಾರಂತರು ಬಾಳಿದ ಊರಿನಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ನಾರ್ವೆಯವರು 11 ವರ್ಷದವರೆಗೆ ಮಕ್ಕಳಿಗೆ ಶ್ರೇಯಾಂಕ ಪಟ್ಟಿಯನ್ನೇ ಮಾಡುವುದಿಲ್ಲ, 13ರವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಸುವುದಿಲ್ಲ. ಅದೇ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ನಾವೂ ಅಷ್ಟು ದೂರ ನಡೆಯಬಲ್ಲೆವಾದರೆ ನಾನು ಈ ಹಾಳೆಯನ್ನು ಕೇಳುವುದಿಲ್ಲ. ಆದರೆ ಇವತ್ತು ಆಯ್ಕೆ ನಡೆಯುತ್ತಲೇ ಇದೆ, ಸೀಟು ಹಂಚುತ್ತಲೇ ಇದ್ದಾರೆ. ನಡೆಯುವಷ್ಟು ದಿನ ಅದು ಬೆಳಕಿನಲ್ಲಿ ನಡೆಯಲಿ.

ಮುಂದಿನ ಸಾಲಿನ ಕ್ರೀಡಾಕೂಟದ ಸುತ್ತೋಲೆ ಹೊರಡುವ ಮೊದಲು ಎರಡೂ ಇಲಾಖೆಗಳನ್ನು, ಅಸೋಸಿಯೇಷನ್ನುಗಳನ್ನು, ಸೀಟು ಕೊಡುವ ಸಂಸ್ಥೆಗಳನ್ನು ಒಮ್ಮೆ ಕರೆಸಿ. ಮೊದಲ ವರ್ಷ ಒಂದೇ ಆಟ ಸಾಕು. ಕಬಡ್ಡಿ, 14ರೊಳಗಿನ ಹುಡುಗರು ಮತ್ತು ಹುಡುಗಿಯರು, ಈ ಮೂರು ತಾಲೂಕುಗಳು. ವರ್ಷದ ಕೊನೆಗೆ ಆ ಹಾಳೆಗಳನ್ನೆಲ್ಲ ಒಟ್ಟುಮಾಡಿಸಿ, ಆಯ್ಕೆಯಾದವರಲ್ಲಿ ಜನವರಿಯಿಂದ ಮಾರ್ಚಿನವರೆಗೆ ಹುಟ್ಟಿದವರು ಎಷ್ಟು, ಅಕ್ಟೋಬರಿನಿಂದ ಡಿಸೆಂಬರಿನವರು ಎಷ್ಟು, ಯಾವ ಪಂಚಾಯಿತಿಯಿಂದ ಒಂದು ಮಗುವೂ ಟ್ರಯಲ್ಸಿಗೆ ಬರಲಿಲ್ಲ ಎಂಬುದನ್ನು ಎಣಿಸಿ ಜಿಲ್ಲೆಯ ಜನರ ಮುಂದಿಡಿ.

ಇತಿ,
ಪುತ್ತೂರು, ಸುಳ್ಯ, ಕಡಬದ ಹೆತ್ತವರ ಪರವಾಗಿ
ಒಬ್ಬ ನಾಗರಿಕ