ಖಡಿ ಬರುವ ಮುನ್ನ ರಸ್ತೆ ಅಗೆಯಬೇಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ರಸ್ತೆ ಕಾಮಗಾರಿ ಅರ್ಧಕ್ಕೆ ನಿಂತಾಗ ಕೇಳಿಬರುವ ಮಾತುಗಳು ನಮಗೆಲ್ಲ ಬಾಯಿಪಾಠವಾಗಿವೆ. ಜನ ಗುತ್ತಿಗೆದಾರರನ್ನು ಬೈಯುತ್ತಾರೆ, ಗುತ್ತಿಗೆದಾರರು ಬಾಕಿ ಬಿಲ್ಲು ತೋರಿಸುತ್ತಾರೆ, ಎಂಜಿನಿಯರರು ಮಳೆಯತ್ತ ಬೆರಳು ಮಾಡುತ್ತಾರೆ, ವಿರೋಧ ಪಕ್ಷದವರು ಕಮಿಷನ್ ಎನ್ನುತ್ತಾರೆ. ಒಂದೊಂದರಲ್ಲೂ ಸತ್ಯದ ಅಂಶ ಇದೆ. ಆದರೆ ಕೆದರಿ ಬಿಟ್ಟ ರಸ್ತೆಯಲ್ಲಿ ತಿಂಗಳುಗಟ್ಟಲೆ ಧೂಳು ಕುಡಿಯುವ ಊರಿನವರು ಕೇಳಬೇಕಾದ ಪ್ರಶ್ನೆ ಇನ್ನೊಂದು: ಹಳೆಯ ರಸ್ತೆ ಅಗೆದ ದಿನ ಹೊಸ ರಸ್ತೆಯ ಖಡಿ ಎಲ್ಲಿತ್ತು? ಅದನ್ನು ಹೊರುವ ಟಿಪ್ಪರ್ ಯಾರ ಕೆಲಸದಲ್ಲಿತ್ತು? ಇಲ್ಲಿನ ವಿಳಂಬದ ದೊಡ್ಡ ಪಾಲು ಕೆಲಸದ ಜಾಗದಲ್ಲಿ ಹುಟ್ಟುವುದಲ್ಲ. ಕಾರ್ಯಾದೇಶಕ್ಕೆ ಸಹಿ ಬೀಳುವಾಗಲೇ ಅದು ಹುಟ್ಟಿರುತ್ತದೆ, ಏಕೆಂದರೆ ಸಾಮಗ್ರಿ ಎಲ್ಲಿಂದ, ಯಾವಾಗ, ಯಾವ ದಾರಿಯಲ್ಲಿ ಬರಬೇಕೆಂದು ಸಹಿ ಹಾಕುವ ಇಲಾಖೆ ಕೇಳಿರುವುದಿಲ್ಲ.

ಒಂದು ಸಾದಾ ಲೆಕ್ಕ ನೋಡೋಣ. ಹತ್ತು ಕಿಲೋಮೀಟರ್ ಉದ್ದ, ಐದೂವರೆ ಮೀಟರ್ ಅಗಲದ ರಸ್ತೆಗೆ ಕಾಲು ಮೀಟರ್ ದಪ್ಪ ಖಡಿಯ ಹಾಸು ಬೇಕೆಂದರೆ 13,750 ಘನ ಮೀಟರ್ ಆಗುತ್ತದೆ. ರೋಲರ್ ಹೊಡೆದು ಗಟ್ಟಿಯಾದ ಖಡಿ ಘನ ಮೀಟರಿಗೆ ಸುಮಾರು 2.2 ಟನ್ ತೂಗುವುದರಿಂದ ಒಟ್ಟು ಸುಮಾರು 30,000 ಟನ್. ಹದಿನಾರು ಟನ್ ಹೇರುವ ಟಿಪ್ಪರಿಗೆ ಅದು ಸುಮಾರು 1,900 ಖೇಪು. ದಿನಕ್ಕೆ ಇಪ್ಪತ್ತು ಖೇಪು ಬಿದ್ದರೆ 95 ದಿನದಲ್ಲಿ ಖಡಿ ಮುಗಿಯುತ್ತದೆ, ಹತ್ತೇ ಬಿದ್ದರೆ 190 ದಿನ ಬೇಕು. ಇದು ಒಂದು ಪದರದ ಮಾತು. ಕೆಳಗಿನ ಗರಸು, ಮೇಲಿನ ಡಾಂಬರು, ಅಡ್ಡಮೋರಿ, ಗಟಾರಗಳ ಕಾಂಕ್ರೀಟು ಬೇರೆ. ಮಳೆ ನಿಂತು ನೆಲ ಆರುವ ನವೆಂಬರಿನಿಂದ ಮೇ ಕೊನೆಯವರೆಗೆ ನಮಗಿರುವುದು ಸುಮಾರು 210 ದಿನ. ಕೃಷ್ಣಾ, ದೂಧಗಂಗಾ ತೀರದ ಎರೆ ಮಣ್ಣು ಹಸಿಯಾಗಿರುವಾಗ ರೋಲರ್ ಹೊಡೆಯಲಾಗದು. ಖೇಪಿನ ಸಂಖ್ಯೆ ಅರ್ಧಕ್ಕಿಳಿದರೆ ಕೆಲಸ ಎರಡನೇ ಮಳೆಗಾಲಕ್ಕೆ ಬೀಳುತ್ತದೆ. ಹಾಸಿದ ಖಡಿಯೂ ಕೆಸರಿನಲ್ಲಿ ಇಳಿಯುತ್ತದೆ, ಮತ್ತೆ ಮೊದಲಿನಿಂದ ಶುರು.

ಖೇಪು ಅರ್ಧಕ್ಕಿಳಿಯುವುದಕ್ಕೆ ನಮ್ಮ ಭಾಗದಲ್ಲಿ ಒಂದು ದೊಡ್ಡ ಕಾರಣವಿದೆ: ಕಬ್ಬಿನ ಹಂಗಾಮು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಉಗಾರ ಖುರ್ದದ ಉಗಾರ ಶುಗರ್ಸ್, ಅಥಣಿಯ ಕೃಷ್ಣಾ ಸಹಕಾರಿ, ಹೀಗೆ ಸಾಲುಸಾಲು ಕಾರ್ಖಾನೆಗಳು ನುರಿಸಲು ಶುರು ಮಾಡುವುದು ರಸ್ತೆ ಕೆಲಸ ಶುರುವಾಗುವ ತಿಂಗಳುಗಳಲ್ಲೇ. ದಿನಕ್ಕೆ 10,000 ಟನ್ ನುರಿಸುವ ಒಂದು ಕಾರ್ಖಾನೆಗೆ, ಡಬ್ಬಲ್ ಟ್ರಾಲಿಯ ಟ್ರ್ಯಾಕ್ಟರ್ ಒಂದು ಸಲಕ್ಕೆ 20 ಟನ್ ತಂದರೂ, 500 ಖೇಪು ಬೇಕು. ಚಾಲಕರು, ಟ್ರ್ಯಾಕ್ಟರು, ಕೂಲಿಯಾಳು, ಡೀಸೆಲ್, ಕೊನೆಗೆ ಓಡಾಡುವ ರಸ್ತೆಯೂ ಎರಡು ಕೆಲಸಗಳ ನಡುವೆ ಹಂಚಿಹೋಗುತ್ತವೆ. ಡಾಂಬರಿನಲ್ಲಿ ಈ ತೊಡಕು ಇನ್ನೂ ಕಠಿಣ. ಪ್ಲಾಂಟಿನಿಂದ 150 ಡಿಗ್ರಿಗಿಂತ ಬಿಸಿಯಾಗಿ ಹೊರಟ ಮಿಶ್ರಣವನ್ನು ಹಾಸುವಾಗ ಸಾಮಾನ್ಯ ವಿಜಿ–30 ಡಾಂಬರಿಗೆ ಕನಿಷ್ಠ 140 ಡಿಗ್ರಿ ಉಳಿದಿರಬೇಕೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮ. ಕಬ್ಬಿನ ಸಾಲಿನ ಹಿಂದೆ ಗಂಟೆಗಟ್ಟಲೆ ನಿಂತ ಟಿಪ್ಪರಿನಲ್ಲಿ ಅದು ಆರುತ್ತದೆ. ಆಮೇಲೆ ಉಳಿಯುವುದು ಎರಡೇ ದಾರಿ: ಅದನ್ನು ಚೆಲ್ಲುವುದು, ಇಲ್ಲವೇ ಆರಿದ್ದನ್ನೇ ಹಾಸಿ ಮುಂದಿನ ಮಳೆಗೆ ತಗ್ಗು ಬೀಳಲು ಬಿಡುವುದು.

ಹಾಗಾದರೆ ಹಂಗಾಮಿಗೆ ಮೊದಲೇ ಖಡಿ ಕೂಡಿಡಬಾರದೇ? ಇಡಬಹುದು, ಆದರೆ ಸರ್ಕಾರದ ಪಂಚಾಂಗ ಅದಕ್ಕೆ ಬಿಡುವುದಿಲ್ಲ. ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಬಜೆಟ್, ಆಮೇಲೆ ಆಡಳಿತಾತ್ಮಕ ಮಂಜೂರಾತಿ, ಅಂದಾಜು ಪತ್ರಿಕೆ. ಟೆಂಡರ್ ಕರೆದರೆ ರಾಜ್ಯದ ಸಾರ್ವಜನಿಕ ಖರೀದಿ ಪಾರದರ್ಶಕತೆ (ಕೆಟಿಪಿಪಿ) ನಿಯಮಗಳ ಪ್ರಕಾರ ಬಿಡ್ ಸಲ್ಲಿಸಲು ನಿಗದಿತ ಕಾಲಾವಕಾಶ ಕೊಡಬೇಕು. ಪರಿಶೀಲನೆ, ಕರಾರು ಮುಗಿದು ಕಾರ್ಯಾದೇಶ ಕೈಗೆ ಬರುವ ಹೊತ್ತಿಗೆ ಸೆಪ್ಟೆಂಬರ್, ಅಕ್ಟೋಬರ್. ಗುತ್ತಿಗೆದಾರ ಕ್ರಷರ್ ಮುಂದೆ ನಿಲ್ಲುವುದು ಕಬ್ಬಿನ ಗಾಡಿಗಳು ರಸ್ತೆಗಿಳಿಯುವಾಗಲೇ. ಕೆಲಸ ಶುರುವಾಯಿತೆಂದು ತೋರಿಸಬೇಕಲ್ಲ, ಜೆಸಿಬಿ ತರಿಸಿ ಹಳೆಯ ರಸ್ತೆ ಕೆದರುತ್ತಾರೆ. ಅಗೆಯಲು ಖಡಿ ಬೇಕಿಲ್ಲ, ಒಂದು ಯಂತ್ರ ಸಾಕು. ಇದೇ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವ ಸಂಗತಿ.

ಹಣದ ಮಾತೂ ಇದೇ ಸರಪಳಿಯ ಒಂದು ಕೊಂಡಿ. ತೈಲ ಕಂಪನಿಗಳು ಡಾಂಬರಿನ ದರವನ್ನು ಹದಿನೈದು ದಿನಕ್ಕೊಮ್ಮೆ ಬದಲಿಸುತ್ತವೆ. ಸಣ್ಣ ಗುತ್ತಿಗೆದಾರ ಖಡಿಯನ್ನು ಉದ್ರಿ ತರುತ್ತಾನೆ. ಬಿಲ್ಲು ತಡವಾದರೆ ಕ್ರಷರಿನವರು ಅವನನ್ನು ಸಾಲಿನ ಕೊನೆಗೆ ತಳ್ಳಿ ನಗದು ಕೊಡುವವರಿಗೆ ಮೊದಲು ತುಂಬುತ್ತಾರೆ. ದೊಡ್ಡ ಯೋಜನೆಗಳಿಗೂ ಇದೇ ಖಡಿ ಬೇಕು. 2022ರ ಫೆಬ್ರುವರಿ 28ರಂದು ಬೆಳಗಾವಿಯಲ್ಲಿ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ 3,972 ಕೋಟಿ ರೂಪಾಯಿಯ, 238 ಕಿಲೋಮೀಟರ್ ಉದ್ದದ ಐದು ಹೆದ್ದಾರಿ ಯೋಜನೆಗಳಿಗೆ ಅಡಿಗಲ್ಲು ಹಾಕಿದರು. ಸಂಕೇಶ್ವರದಿಂದ ಮಹಾರಾಷ್ಟ್ರ ಗಡಿಯವರೆಗಿನ ಆರು ಪಥ, ವಿಜಯಪುರ–ಮುರಗುಂಡಿ ರಸ್ತೆ ಅವುಗಳಲ್ಲಿ ಸೇರಿದ್ದವು. ಅಂಥ ದೊಡ್ಡ ಕೆಲಸಗಳು ಬೇಕೇ ಬೇಕು. ಆದರೆ ಅದೇ ಕಲ್ಲುಗಣಿಗಳ ಮುಂದೆ ಹಳ್ಳಿ ರಸ್ತೆಯ ಟಿಪ್ಪರೂ ನಿಂತಿರುತ್ತದೆ ಎಂಬುದನ್ನು ಯೋಜಿಸುವವರು ನೆನಪಿಡಬೇಕು. ಬಿಲ್ಲಿನ ವಿಷಯಕ್ಕೆ ಮರಳಿದರೆ, ಚಾಲ್ತಿ ಬಿಲ್ಲಿನ ಕನಿಷ್ಠ ಶೇಕಡಾ 75 ಭಾಗವನ್ನು ಹತ್ತು ಕೆಲಸದ ದಿನಗಳೊಳಗೆ ಕೊಡಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲೇ ಸೂಚಿಸಿದೆ. ರಾಜ್ಯ ಸರ್ಕಾರವೂ ಅಂಥದೊಂದು ಗಡುವಿಗೆ ತನ್ನನ್ನು ಕಟ್ಟಿಕೊಳ್ಳಲಿ.

ಭೂಸ್ವಾಧೀನವೇ ನಿಜವಾದ ಅಡ್ಡಿ ಎನ್ನುವವರಿದ್ದಾರೆ. ಬೈಪಾಸು, ಹೆದ್ದಾರಿಗಳಿಗೆ ಅದು ಸರಿ. ಇದ್ದ ರಸ್ತೆಯನ್ನೇ ಇದ್ದ ಜಾಗದಲ್ಲೇ ಮರುಡಾಂಬರೀಕರಣ ಮಾಡುವಾಗ ಯಾವ ರೈತನ ಗುಂಟೆಯೂ ಹೋಗುವುದಿಲ್ಲ, ಆದರೂ ಆ ಕೆಲಸಗಳೂ ನಿಲ್ಲುತ್ತವೆ. ನೆರೆ ಕಾರಣ ಎಂಬ ಮಾತನ್ನು ನಾನು ಹಗುರ ಮಾಡಲಾರೆ. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ವೇದಗಂಗೆ ಉಕ್ಕಿ ಯಮಗರ್ಣಿ ಬಳಿ ರಾಷ್ಟ್ರೀಯ ಹೆದ್ದಾರಿಯೇ ಬಂದಾಗಿತ್ತು. ಆದರೆ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮಳೆಗಾಲದಲ್ಲಿ ಮುಳುಗುತ್ತವೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿರುವ ನೀರನ್ನು ಆಕಸ್ಮಿಕವೆಂದು ಬರೆದು ಅವಧಿ ವಿಸ್ತರಣೆ ಕೊಡುವುದು ಸಲ್ಲದು. ಇನ್ನು ಭ್ರಷ್ಟಾಚಾರ. ರಾಶಿ ಹಾಕಿದ ಖಡಿಯನ್ನು ಊರಿನವರೂ ಅಳೆದು ನೋಡಬಹುದು, ಕಾಗದದ ಮೇಲಿನ ಪ್ರಗತಿಯನ್ನು ಅಳೆಯಲಾಗದು. ಸಾಮಗ್ರಿಯ ಲೆಕ್ಕ ಬಿಗಿಯಾದರೆ ಕಳ್ಳತನದ ಸಂದೂ ಕಿರಿದಾಗುತ್ತದೆ. ಸಾಮಗ್ರಿ ತರುವುದು ಗುತ್ತಿಗೆದಾರನ ತಲೆನೋವು, ಸರ್ಕಾರದ್ದಲ್ಲ ಎಂಬ ವಾದವಂತೂ ನಿಲ್ಲುವುದೇ ಇಲ್ಲ. ಕಲ್ಲುಗಣಿಗೆ ಲೈಸೆನ್ಸ್ ಕೊಡುವುದು, ಉಸುಕಿನ ನೀತಿ ಬರೆಯುವುದು, ಸಾಗಾಟದ ಪರ್ಮಿಟ್ ಕೊಡುವುದು, ಬಿಲ್ಲಿನಲ್ಲಿ ರಾಜಧನ ಹಿಡಿಯುವುದು ಎಲ್ಲವೂ ಸರ್ಕಾರವೇ.

2023ರ ಮೇ ತಿಂಗಳಲ್ಲಿ ಲೋಕೋಪಯೋಗಿ ಖಾತೆ ವಹಿಸಿಕೊಂಡ ಸತೀಶ ಜಾರಕಿಹೊಳಿ ಅವರ ಯಮಕನಮರಡಿ ಕ್ಷೇತ್ರ ಚಿಕ್ಕೋಡಿ ಲೋಕಸಭಾ ಕ್ಷೇತ್ರದೊಳಗೇ ಬರುತ್ತದೆ. ಕಬ್ಬಿನ ಹಂಗಾಮು ಅವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಚಿಕ್ಕೋಡಿ ವಿಭಾಗದಿಂದಲೇ ಒಂದು ಷರತ್ತು ಜಾರಿಗೆ ಬರಲಿ: ಬೇಕಾದ ಖಡಿಯ ಮೂರನೇ ಒಂದು ಭಾಗ ಜಾಗದ ಬಳಿ ರಾಶಿಯಾಗಿ, ಎಂಜಿನಿಯರ್ ಅಳೆದು ಸಹಿ ಮಾಡುವವರೆಗೆ ಹಳೆಯ ರಸ್ತೆಗೆ ಜೆಸಿಬಿ ತಾಗಬಾರದು. ಆ ರಾಶಿಯ ಮೇಲೆ ಸಾಮಗ್ರಿ ಮುಂಗಡ ಕೊಡಿ, ಇಲ್ಲದಿದ್ದರೆ ಸಣ್ಣ ಗುತ್ತಿಗೆದಾರ ಅಷ್ಟು ಬಂಡವಾಳ ಎಲ್ಲಿಂದ ತಂದಾನು? ಟೆಂಡರುಗಳ ವೇಳಾಪಟ್ಟಿ ಬದಲಿಸಿ, ಕಾರ್ಯಾದೇಶ ಫೆಬ್ರುವರಿಯಲ್ಲಿ ಸಿಗಲಿ. ಕಾರ್ಖಾನೆಗಳು ಒಂದೊಂದಾಗಿ ನಿಂತು ಟಿಪ್ಪರುಗಳು ಬಿಡುವಾಗುವ ಮಾರ್ಚಿನಿಂದ ಮೇವರೆಗೆ ಖಡಿ ಬಂದು ಬೀಳಲಿ, ಮಳೆಗಾಲವಿಡೀ ರಾಶಿ ಅಲ್ಲೇ ಕಾಯಲಿ. ದೀಪಾವಳಿ ಕಳೆದು ನೆಲ ಆರಿದ ಮರುದಿನ ರೋಲರ್ ಇಳಿಯಲು ಆಗ ಯಾರ ಸಾಲಿನಲ್ಲೂ ನಿಲ್ಲಬೇಕಾಗುವುದಿಲ್ಲ.