ಅರಳೆಯ ಹಾಸಿಗೆ

ಕಾಲೇಜಿನಲ್ಲಿ ಪಾಠ ಹೇಳುವವನಿಗೆ ನಿದ್ರೆಯ ವಿಷಯವಾಗಿ ಬರೆಯುವ ಅಧಿಕಾರವುಂಟೇ ಎಂದು ವಾಚಕರು ಕೇಳಬಹುದು. ಮಧ್ಯಾಹ್ನ ಊಟವಾದ ಮೇಲಿನ ಮೊದಲನೆಯ ಪೀರಿಯಡ್ಡಿನಲ್ಲಿ ಛಂದಸ್ಸನ್ನು ಬೋಧಿಸುವವನಷ್ಟು ಹತ್ತಿರದಿಂದ ನಿದ್ರೆಯನ್ನು ಕಂಡವರು ಬೇರೆ ಯಾರೂ ಇರಲಾರರೆಂಬುದೇ ನನ್ನ ಉತ್ತರ. ಆದರೆ ಈ ವಾರ ಹೇಳಹೊರಟಿರುವುದು ನನ್ನ ವಿದ್ಯಾರ್ಥಿಗಳ ನಿದ್ರೆಯ ಮಾತಲ್ಲ. ನನ್ನ ತಾಯಿಯವರ ನಿದ್ರೆಯ ಮಾತು.

ಕಳೆದ ಯುಗಾದಿಗೆ ಅಮ್ಮನಿಗೆಂದು ಆರು ಅಂಗುಲ ದಪ್ಪದ ಫೋಮ್ ಹಾಸಿಗೆಯೊಂದನ್ನು ಕೊಂಡುತಂದಿದ್ದೆನು. ತಂದೆಯವರು ಬದುಕಿದ್ದಾಗ ಹೊಲಿಸಿದ ಹತ್ತಿಯ ಹಾಸಿಗೆ ಗಂಟುಗಂಟಾಗಿ, ನಡುವೆ ಹಳ್ಳ ಬಿದ್ದು, ಅಟ್ಟಕ್ಕೇರಿತು. “ಚೆನ್ನಾಗಿದೆಯಪ್ಪ, ಇಷ್ಟೊಂದು ದುಡ್ಡು ಯಾಕೆ ಸುರಿದೆ?” ಎಂದು ಅಮ್ಮ ಹೊಸ ಹಾಸಿಗೆಯನ್ನು ಸವರಿದರು. ಕರ್ತವ್ಯ ಮುಗಿಸಿದ ಮಗನ ತೃಪ್ತಿಯಿಂದ ನಾನು ಅಂದು ಸುಖವಾಗಿ ನಿದ್ರಿಸಿದೆನು.

ಏಪ್ರಿಲ್ ತಿಂಗಳ ಒಂದು ರಾತ್ರಿ, ಸುಮಾರು ಎರಡು ಗಂಟೆಗೆ ನೀರು ಕುಡಿಯಲೆಂದು ಎದ್ದವನು ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟೆನು. ಮಂಚದ ಮೇಲೆ ಹಾಸಿಗೆ ಒಂದು ಸುಕ್ಕೂ ಇಲ್ಲದೆ ಹಾಸಿದಂತೆಯೇ ಇತ್ತು. ಅಮ್ಮ ಕೆಳಗೆ, ಕೆಂಪು ಗಾರೆಯ ನೆಲದ ಮೇಲೆ ಚಾಪೆ ಹಾಸಿ, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದ್ದರು. ಮೊಣಕಾಲಿನ ನೋವಿನಿಂದ ನೆಲದಿಂದೇಳುವುದೇ ಕಷ್ಟವಾಗಿರುವ ಜೀವ! ವಿಚಾರಿಸಿದಾಗ ತಿಳಿಯಿತು: ಮೂರು ವಾರಗಳಿಂದ ಹೀಗೆಯೇ ನಡೆದಿತ್ತು. ನಾವು ಏಳುವ ಮೊದಲೇ ಎದ್ದು ಚಾಪೆಯನ್ನು ಸುತ್ತಿಟ್ಟುಬಿಡುತ್ತಿದ್ದರು.

“ಹಾಸಿಗೆಯಲ್ಲಿ ತಪ್ಪೇನೂ ಇಲ್ಲ ಮಗು. ಬೆನ್ನು ಬೇಯುತ್ತೆ, ಅಷ್ಟೆ. ಹೇಳಿದರೆ ನೀನು ನೊಂದುಕೊಳ್ಳುತ್ತೀಯ ಅಂತ ಸುಮ್ಮನಿದ್ದೆ.”

ನೊಂದುಕೊಂಡದ್ದು ನಿಜ; ಆದರೆ ಹಾಸಿಗೆಗಾಗಿ ಅಲ್ಲ.

ಅಮ್ಮನ ದೂರು ಮುದಿತನದ ಹಠವೆಂದು ತಳ್ಳಿಹಾಕುವಂಥದಲ್ಲ. ನಿದ್ರೆ ಬರುವ ಹೊತ್ತಿಗೆ ನಮ್ಮ ಶರೀರದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಆ ಶಾಖವು ಚರ್ಮದ ಮೂಲಕ ಹೊರಹೋಗಬೇಕು. 1937ರಲ್ಲಿ ಜರ್ಮನಿಯ ಆಟೋ ಬಾಯರ್ ಮತ್ತು ಅವರ ಸಂಗಡಿಗರು ಕಂಡುಹಿಡಿದ ಪಾಲಿಯುರಥೇನ್ ಎಂಬ ವಸ್ತುವಿನಿಂದ ಇಂದಿನ ಫೋಮ್ ಹಾಸಿಗೆಗಳು ತಯಾರಾಗುತ್ತವೆ. ಮೆತ್ತನೆಯ ಫೋಮಿನಲ್ಲಿ ದೇಹವು ಹುದುಗಿ ಕುಳಿತಾಗ ಬೆನ್ನಿನ ಸುತ್ತ ಗಾಳಿಯ ಸಂಚಾರ ತಗ್ಗುತ್ತದೆ. ಅದರ ಮೇಲೆ ಪಾಲಿಯೆಸ್ಟರ್ ಹೊದಿಕೆಯೂ ಸೇರಿದರೆ ಬೆವರಿಗೂ ದಾರಿಯಿಲ್ಲ. ಸಾಧಾರಣ ಹವೆಯಲ್ಲಿ ಹತ್ತಿಯ ಎಳೆಯು ತನ್ನ ತೂಕದ ಶೇಕಡ 8ರಷ್ಟು, ಉಣ್ಣೆಯು ಶೇಕಡ 16ರಷ್ಟು ತೇವವನ್ನು ತನ್ನೊಳಗೆ ಹಿಡಿದುಕೊಳ್ಳಬಲ್ಲದು. ಪಾಲಿಯೆಸ್ಟರಿನ ಪಾಲು ಶೇಕಡ ಅರ್ಧಕ್ಕೂ ಕಡಮೆ. ಅಮ್ಮನ ಬೆನ್ನು ಈ ಅಂಕಿಗಳನ್ನು ಓದದೆಯೇ ಅರಿತುಕೊಂಡಿತ್ತು.

ಮುಂದಿನ ಭಾನುವಾರ ಹಳೆಯ ಹಾಸಿಗೆಯನ್ನು ಅಟ್ಟದಿಂದಿಳಿಸಿ ಆಟೋರಿಕ್ಷಾದಲ್ಲಿ ಹೇರಿಕೊಂಡು ಮಂಡಿ ಮೊಹಲ್ಲಾದ ಕಡೆಗೆ ಹೊರಟೆನು. ಅಲ್ಲಿಯ ಒಂದು ಸಣ್ಣ ಅಂಗಡಿಯಲ್ಲಿ ವೃದ್ಧರೊಬ್ಬರು ಹಾಸಿಗೆ ಹೊಲಿಯುತ್ತ ಕುಳಿತಿದ್ದರು. ಅರಳೆ ಹಿಂಜುವುದು ನಮ್ಮ ನಾಡಿನಲ್ಲಿ ಪಿಂಜಾರರು, ನದಾಫರು ಎಂದು ಕರೆಯಲ್ಪಡುವ ಸಮುದಾಯದ ಕುಲಕಸುಬು. ದೊಡ್ಡ ಬಿಲ್ಲಿನ ಹೆದೆಯನ್ನು ಮರದ ಕೊಡತಿಯಿಂದ ಮಿಡಿಯುತ್ತ, ಗಂಟುಗಟ್ಟಿದ ಅರಳೆಯನ್ನು ಮೋಡದಂತೆ ಹಗುರಾಗಿಸುತ್ತಿದ್ದ ಅವರು ಹಿಂದೆ ಬೀದಿಬೀದಿಯಲ್ಲಿ ಬರುತ್ತಿದ್ದರೆಂದು ಅಮ್ಮ ಹೇಳುತ್ತಾರೆ. ಈಗ ಆ ಕೆಲಸವನ್ನು ಹೆಚ್ಚಾಗಿ ವಿದ್ಯುತ್ ಯಂತ್ರವೇ ಮಾಡುತ್ತದೆ.

ವೃದ್ಧರು ಒಂದು ಮೂಲೆಯ ಹೊಲಿಗೆಯನ್ನು ಬಿಚ್ಚಿ, ಹಿಡಿಯಷ್ಟು ಅರಳೆಯನ್ನು ಅಂಗೈಯಲ್ಲಿ ಹಿಸುಕಿ ಬಿಟ್ಟು ನೋಡಿದರು. “ಒಳ್ಳೇ ಮಾಲು ಸ್ವಾಮಿ. ಇದು ಸತ್ತಿಲ್ಲ, ಮಲಗಿದೆ. ಎಬ್ಬಿಸಿದರೆ ಇನ್ನೂ ಹತ್ತು ವರ್ಷ ಬರುತ್ತೆ” ಎಂದರು. ಹಿಂಜುವಾಗ ಧೂಳಾಗಿ ಹೋಗುವಷ್ಟಕ್ಕೆ ಬದಲಾಗಿ ಎರಡು ಕಿಲೋ ಹೊಸ ಅರಳೆಯನ್ನು ಸೇರಿಸಲು ಹೇಳಿ, ಹೊಸ ಗವಸಿಗೆ ಪಟ್ಟೆಯ ದಪ್ಪ ನೂಲಿನ ಬಟ್ಟೆಯನ್ನು ಆರಿಸಿಕೊಟ್ಟು ಬಂದೆನು.

ಅಂದು ಅವರಿಂದ ಕಲಿತದ್ದನ್ನೂ ಅನಂತರ ನಾನಾಗಿ ವಿಚಾರಿಸಿ ತಿಳಿದದ್ದನ್ನೂ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಹೇಳುತ್ತೇನೆ. ಹಾಸಿಗೆಗೆ ನುಣುಪಾದ, ಉದ್ದನೆಯ ಎಳೆಯ ಹತ್ತಿ ಬೇಕಿಲ್ಲ. 1972ರಲ್ಲಿ ಧಾರವಾಡದಲ್ಲಿ ಸಿದ್ಧವಾದ ವರಲಕ್ಷ್ಮಿ ಎಂಬ ಮಿಶ್ರತಳಿಯು ಉದ್ದನೆಯ ಎಳೆಗೆ ಪ್ರಸಿದ್ಧವಾಯಿತು; ಆ ವೈಭವ ನವುರಾದ ನೂಲಿಗಿರಲಿ. ಹಾಸಿಗೆಗೆ ಗಿಡ್ಡನೆಯ, ತುಸು ಒರಟಾದ ಎಳೆಯೇ ಮೇಲು; ಅದು ಒತ್ತಿದಷ್ಟೂ ಮತ್ತೆ ಪುಟಿದೇಳುತ್ತದೆ. ಅಗ್ಗದ ಹಾಸಿಗೆಯೊಳಗೆ ಗಿರಣಿಯ ಕಸವನ್ನೂ ಬಣ್ಣದ ಬಟ್ಟೆಯ ಚಿಂದಿಯನ್ನೂ ತುಂಬುವುದುಂಟು. ಆದಕಾರಣ ಹೊಲಿಗೆ ಹಾಕುವ ಮೊದಲು ಒಳಗಿನ ಸರಕನ್ನು ಕಣ್ಣಾರೆ ನೋಡಬೇಕು.

ದಿಂಬಿಗೆ ಬೂರುಗದ ಅರಳೆ ಹಿತಕರ. ಆ ಎಳೆಯ ಒಳಗೆ ಟೊಳ್ಳು, ಹೊರಗೆ ಮೇಣದಂಥ ಲೇಪ. ನೀರನ್ನು ಹೀರದೆ ತೇಲುವುದರಿಂದ ಹಿಂದೆ ಹಡಗಿನವರ ಜೀವರಕ್ಷಕ ಕವಚಗಳಿಗೂ ಅದನ್ನು ತುಂಬುತ್ತಿದ್ದರು. ಗಟ್ಟಿಯಾದ ಹಾಸಿಗೆ ಬೇಕೆನ್ನುವವರಿಗೆ ತೆಂಗಿನ ನಾರಿನದುಂಟು. ಅದರ ಮೇಲ್ಪದರದಲ್ಲಿ ಫೋಮ್ ಎಷ್ಟಿದೆಯೆಂದು ಕೇಳಿ ಕೊಳ್ಳಬೇಕು. ಮಾಗಿಯ ಚಳಿಗೆ ಚಳ್ಳಕೆರೆಯ ಕಡೆಯ ಕುರಿಯುಣ್ಣೆಯ ಕಂಬಳಿ ಒರಟಾದರೂ ನಂಬಿಗಸ್ತ; ಒಳಗೊಂದು ಹತ್ತಿಯ ಹೊದಿಕೆಯಿದ್ದರೆ ಚುಚ್ಚುವುದಿಲ್ಲ.

ಮೇಲುಹಾಸು ಶುದ್ಧ ಹತ್ತಿಯದೇ ಎಂಬ ಸಂದೇಹ ಬಂದರೆ, ಅಂಚಿನಿಂದ ಒಂದೆರಡು ಎಳೆಗಳನ್ನು ಕಿತ್ತು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಎಚ್ಚರಿಕೆಯಿಂದ ಸುಟ್ಟು ನೋಡಬೇಕು. ಹತ್ತಿ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ. ಕೃತಕ ಎಳೆಯು ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಾಗುತ್ತದೆ.

ಹಳೆಯದೆಲ್ಲವೂ ಹಿತವೆಂದು ಡಂಗುರ ಹೊಡೆಯಲು ನಾನು ಸಿದ್ಧನಿಲ್ಲ. ಹಾಸಿಗೆ ಹಿಡಿದ ರೋಗಿಗೆ ಒತ್ತುಹುಣ್ಣಾಗದಂತೆ ವೈದ್ಯರು ಗಾಳಿಯ ಹಾಸಿಗೆಯನ್ನು ಹೇಳಿದರೆ, ಅದರ ಮುಂದೆ ಅರಳೆಯ ಅಭಿಮಾನ ಸಲ್ಲದು. ವರ್ಷ ತುಂಬದ ಕೂಸಿಗೆ ಮೆತ್ತನೆಯ ಹಾಸಿಗೆಯೂ ಬೇಡ, ದಿಂಬೂ ಬೇಡ. ಸಮತಟ್ಟಾದ ಗಟ್ಟಿ ಹಾಸಿನ ಮೇಲೆ ಅಂಗಾತ ಮಲಗಿಸಬೇಕೆಂಬುದು ಇಂದಿನ ಮಕ್ಕಳ ವೈದ್ಯರ ಸಲಹೆ. ದಮ್ಮಿನ ತೊಂದರೆಯುಳ್ಳವರು ಧೂಳೆಬ್ಬಿಸುವ ಕಡೆ ನಿಲ್ಲಬಾರದು; ಅವರ ಮೇಲುಹಾಸನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು ಲೇಸು.

ಹತ್ತಿಯ ಹಾಸಿಗೆಗೆ ಇನ್ನೊಂದು ದೋಷವುಂಟು, ಅದು ಭಾರ. ಹೀರಿದ ತೇವವನ್ನು ಬಿಸಿಲಿಗೆ ಒಪ್ಪಿಸದಿದ್ದರೆ ಅದು ಮತ್ತೆ ಗಂಟುಗಟ್ಟುತ್ತದೆ. ತಂದೆಯವರು ಇದ್ದಾಗ ಪ್ರತಿ ಭಾನುವಾರವೂ ಹಾಸಿಗೆಯನ್ನು ಮಹಡಿಗೆ ಹೊತ್ತು ಹಾಕುತ್ತಿದ್ದರು. ಅವರು ಹೋದ ಮೇಲೆ ನಾಲ್ಕು ವರ್ಷ ಅದನ್ನು ಹೊತ್ತವರಿಲ್ಲ. ಅಮ್ಮನಿಗೆ ಶಕ್ತಿಯಿರಲಿಲ್ಲ; ನನಗೆ ಉತ್ತರಪತ್ರಿಕೆಗಳಿದ್ದವು. ಹಾಸಿಗೆ ಕೆಟ್ಟಿತೆಂದು ನಾನು ಹೊಸದನ್ನು ತಂದೆನೇ ಹೊರತು, ಅದೇಕೆ ಕೆಟ್ಟಿತೆಂದು ಕೇಳಲಿಲ್ಲ.

ನಾಲ್ಕನೆಯ ದಿನ ಹಾಸಿಗೆ ಮನೆಗೆ ಬಂದಿತು. ಅಂದು ರಾತ್ರಿಯೂ ಎರಡು ಗಂಟೆಗೆ ಎದ್ದು ಇಣುಕಿ ನೋಡಿದೆನು. ಚಾಪೆ ಮೂಲೆಯಲ್ಲಿತ್ತು, ಅಮ್ಮ ಮಂಚದ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಗಾಢವಾಗಿ ನಿದ್ರಿಸುತ್ತಿದ್ದರು.

ಈಗ ಭಾನುವಾರ ಬೆಳಗ್ಗೆ ಕಾಫಿಯಾದ ಕೂಡಲೆ ಹಾಸಿಗೆಯನ್ನು ಹೆಗಲಿಗೇರಿಸಿ ಮಹಡಿಯ ಮೆಟ್ಟಿಲು ಹತ್ತುವುದು ನನ್ನ ಪಾಲಿನ ಕೆಲಸ. “ನಿಧಾನವಪ್ಪಾ, ಗೋಡೆಗೆ ತಾಗೀತು” ಎಂದು ಕೆಳಗಿನಿಂದ ಅಮ್ಮ ಕೂಗುತ್ತಾರೆ. ತಂದೆಯವರಿಗೂ ಅವರು ಇದನ್ನೇ ಕೂಗಿ ಹೇಳುತ್ತಿದ್ದರು. ಫೋಮ್ ಹಾಸಿಗೆ ಅತಿಥಿಗಳ ಕೋಣೆಗೆ ಹೋಗಿದೆ. ನಮ್ಮ ಮನೆಗೆ ಬರುವ ನೆಂಟರು ಎರಡು ದಿನಕ್ಕಿಂತ ಹೆಚ್ಚು ನಿಲ್ಲುತ್ತಿಲ್ಲವೆಂಬುದು ನನ್ನ ಪತ್ನಿಯ ವರದಿ.