ದೂರದ ಉಗ್ರಾಣಕ್ಕೆ ಬರೆದ ಆಜ್ಞೆ

‘ಕ್ಲೌಡ್’ ಎಂಬ ಹೆಸರಿದ್ದರೂ ಅದು ಮೋಡವಲ್ಲ. ಎಲ್ಲೋ ದೂರದ ಕಟ್ಟಡದಲ್ಲಿರುವ ಡಿಸ್ಕುಗಳ ಉಗ್ರಾಣ. ಅಮೆಜಾನ್ ಸಂಸ್ಥೆಯು 2006ರಲ್ಲಿ ‘ಎಸ್3’ ಎಂಬ ಇಂತಹ ಉಗ್ರಾಣವನ್ನು ಬಾಡಿಗೆಗೆ ತೆರೆಯಿತು. ಈಗ ನಮ್ಮ ಪ್ರಯೋಗಶಾಲೆಯ ಅಳತೆಗಳೂ ಇಂತಹುದೊಂದನ್ನು ಸೇರುತ್ತವೆ.

ಇದನ್ನು ಚಿತ್ರಗಳ ಮೇಲೆ ಒತ್ತಿ ಬಳಸುವುದಕ್ಕಿಂತ, ಕಮಾಂಡ್ ಲೈನಿನಲ್ಲಿ ಆಜ್ಞೆಯನ್ನು ಬರೆದು ನಡೆಸುವುದನ್ನೇ ವಿದ್ಯಾರ್ಥಿಗಳು ಕಲಿಯತಕ್ಕದ್ದೆಂದು ನಮ್ಮ ಅಭಿಪ್ರಾಯ. ಸಾವಿರ ಕಡತಗಳನ್ನು ಒಂದೇ ಸಾಲಿನಿಂದ ಕಳುಹಿಸಬಹುದು; ಆ ಸಾಲನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದಿಟ್ಟರೆ ಮಾಡಿದ ಕೆಲಸಕ್ಕೆ ದಾಖಲೆಯೂ ಆಯಿತು. ಆದರೆ ಬರೆಯುವ ಪದದ ಅರ್ಥವನ್ನು ಮೊದಲು ಅರಿತಿರಬೇಕು. ಇದನ್ನು ನಾವು ನಷ್ಟಪಟ್ಟು ಕಲಿತೆವು.

ನಮ್ಮ ವಿದ್ಯಾರ್ಥಿಗಳು ಆರು ವಾರಗಳ ಕಾಲ ಗೈಗರ್ ಕೌಂಟರಿನ ಎಣಿಕೆಯನ್ನು ನಿಮಿಷನಿಮಿಷಕ್ಕೂ ದಾಖಲಿಸಿ ಉಗ್ರಾಣಕ್ಕೆ ಕಳುಹಿಸಿದ್ದರು. ಬಳಿಕ ಪ್ರಯೋಗಶಾಲೆಯ ಕಂಪ್ಯೂಟರನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು. ಅಲ್ಲಿದ್ದುದನ್ನು ಮರಳಿ ತರುವ ಆತುರದಲ್ಲಿ ನಾವು ‘ಸಿಂಕ್’ ಎಂದು ಬರೆದೆವು. ಆಜ್ಞೆಯಲ್ಲಿ ಮೂಲಸ್ಥಾನವು ಮೊದಲು ಬರಬೇಕು, ಸೇರಬೇಕಾದ ಸ್ಥಾನವು ಅನಂತರ. ನಾವು ಅವೆರಡನ್ನು ಅದಲುಬದಲು ಮಾಡಿದ್ದೆವು! ಬರಿದಾದ ಫೋಲ್ಡರೇ ಮೂಲವಾಯಿತು. ಯಂತ್ರವು ವಿಧೇಯವಾಗಿ ಉಗ್ರಾಣವನ್ನೂ ಬರಿದು ಮಾಡಿತು. ಉಳಿದುದು ರೆಕಾರ್ಡ್ ಪುಸ್ತಕದಲ್ಲಿದ್ದ ದಿನದಿನದ ಮೊತ್ತ ಮಾತ್ರ. ಆ ಹುಡುಗರ ಮುಖವನ್ನು ನೋಡುವುದು ನಮಗೆ ಸುಲಭವಾಗಿರಲಿಲ್ಲ.

‘ಆರ್‌ಕ್ಲೋನ್’ ಎಂಬ ಉಚಿತ ಸಾಧನದಲ್ಲಿ ‘ಕಾಪಿ’ ಎಂದರೆ ಇಲ್ಲಿರುವುದನ್ನು ಅಲ್ಲಿಗೆ ಸೇರಿಸು ಎಂದರ್ಥ. ಅಲ್ಲಿರುವ ಬೇರೆ ಕಡತಗಳು ಅಳಿಯುವುದಿಲ್ಲ. ‘ಸಿಂಕ್’ ಎಂದರೆ ಅಲ್ಲಿಯದು ಇಲ್ಲಿಯಂತೆಯೇ ಆಗಲಿ ಎಂದರ್ಥ; ಹೆಚ್ಚಿನವು ಅಳಿದುಹೋಗುತ್ತವೆ. ಅಮೆಜಾನಿನ ಸಾಧನದಲ್ಲಾದರೋ ‘ಡಿಲೀಟ್’ ಎಂಬ ಸೂಚನೆಯನ್ನು ಬೇರೆಯಾಗಿ ಕೊಟ್ಟ ಹೊರತು ‘ಸಿಂಕ್’ ಏನನ್ನೂ ಅಳಿಸದು. ಒಂದೇ ಪದ, ಎರಡು ಸಂಪ್ರದಾಯ! ಉಷ್ಣಗತಿಶಾಸ್ತ್ರದಲ್ಲಿ ಕಾರ್ಯದ ಚಿಹ್ನೆಯು ಭೌತಶಾಸ್ತ್ರದ ಪುಸ್ತಕದಲ್ಲೊಂದು, ರಸಾಯನಶಾಸ್ತ್ರದ ಪುಸ್ತಕದಲ್ಲೊಂದು ಆಗಿರುವುದನ್ನು ಕಂಡು ತಬ್ಬಿಬ್ಬಾದ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ.

ಹಾಗಾದರೆ ಚಿತ್ರಗಳ ಮೇಲೆ ಒತ್ತುವುದೇ ಕ್ಷೇಮವಲ್ಲವೆ ಎಂದು ಕೆಲವರು ಕೇಳಿಯಾರು. ಅಲ್ಲಿಯೂ ಸಿಂಕ್ ಆಗುವ ಫೋಲ್ಡರಿನಲ್ಲಿ ಅಳಿಸಿದ್ದು ಉಗ್ರಾಣದಲ್ಲಿಯೂ ಅಳಿಯುತ್ತದೆ. ಆದರೆ ತೆರೆಯ ಹಿಂದೆ. ಬರೆಯುವವನಿಗಾದರೋ ಮುಂಚಿತವಾಗಿ ಪರೀಕ್ಷಿಸುವ ಅನುಕೂಲವುಂಟು. ಆಜ್ಞೆಗೆ ‘ಡ್ರೈ-ರನ್’ ಎಂದು ಸೇರಿಸಿದರೆ, ಯಾವುದು ಹೋಗುವುದು, ಯಾವುದು ಅಳಿಯುವುದು ಎಂದು ಸಾಧನವು ತೋರಿಸುವುದೇ ಹೊರತು ಏನನ್ನೂ ಮುಟ್ಟದು. ಕಳುಹಿಸಿದ ಮೇಲೆ ಆರ್‌ಕ್ಲೋನಿನ ‘ಚೆಕ್’ ಎಂಬ ಆಜ್ಞೆಯು ಎರಡೂ ಕಡೆಯ ಕಡತಗಳ ಗಾತ್ರವನ್ನು ಹೋಲಿಸಿ ನೋಡುತ್ತದೆ. ಸಾಧ್ಯವಿದ್ದಲ್ಲಿ ಅವುಗಳ ಒಳಗಿನ ಅಂಶದಿಂದ ಲೆಕ್ಕಹಾಕಿದ ‘ಹ್ಯಾಷ್’ ಸಂಖ್ಯೆಯನ್ನೂ ಹೋಲಿಸುತ್ತದೆ.

ಈ ವರ್ಷದ ತಂಡವು ಕೌಂಟರನ್ನು ಮತ್ತೆ ಹೂಡಿದೆ. ‘ಡ್ರೈ-ರನ್’ ತೋರಿಸಿದ ಪಟ್ಟಿಯನ್ನು ಇಬ್ಬರು ಓದಿ ಸಹಿ ಮಾಡಿದ ಮೇಲೆಯೇ ನಿಜವಾದ ಆಜ್ಞೆಯನ್ನು ಬರೆಯುತ್ತಾರೆ. ಅಧ್ಯಾಪಕರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.